ಒಗ್ಗಿದ ಕೈ

ಹೋಗುವ ದಾರಿಯೂ ಅದೇ, ಬರುವ ದಾರಿಯೂ ಅದೇ; ಆದರೂ ಅಲ್ಲಿಂದ ಯಾರೂ ಹೋಗುತ್ತಿರಲಿಲ್ಲ, ಅಲ್ಲಿಗೆ ಯಾರೂ ಬರುತ್ತಿರಲಿಲ್ಲ. ಅಂಥದೊಂದು ಊರು. ಹೆಸರು ಮಾತ್ರ ಕೇಳಬೇಡಿ. ಅಲ್ಲಿದ್ದವರಿಗೆ ಊರು ಅಂದರೆ ಅದೊಂದೇ ಆದ್ದರಿಂದ ಹೆಸರಿಡುವ ಜರೂರು ಬಿದ್ದಿರಲಿಲ್ಲ. ಗುಡ್ಡದ ಬುಡದಲ್ಲಿ ಕೆರೆ, ಕೆರೆಯ ದಂಡೆಗೆ ಮನೆಗಳು, ಕೆರೆಯ ಮೇಲೆ ವರ್ಷವಿಡೀ ಮಂಜು. ನೀರು ಎಷ್ಟು ತಣ್ಣಗಿತ್ತೆಂದರೆ, ಹಾರಿಬಂದ ಕೊಕ್ಕರೆ ಒಂದು ಕಾಲು ಊರಿ, ಇನ್ನೊಂದು ಊರುವ ಮುಂಚೆ ಮನಸ್ಸು ಬದಲಿಸಿ ಹೊರಟುಬಿಡುತ್ತಿತ್ತು. ಆ ನೀರಿನ ತಳದ ಕೆಸರಲ್ಲಿ ಕರಿಗಡ್ಡೆ ಬೆಳೆಯುತ್ತಿತ್ತು. ಊರು ತಿನ್ನುತ್ತಿದ್ದದ್ದು ಅದನ್ನೇ. ಗಡಿಕಲ್ಲಿನ ತನಕ ಇಳಿದುಬರುವ ಗುಡ್ಡದವರಿಗೆ ಕೊಟ್ಟು ರಾಗಿ, ಬೆಣ್ಣೆ ತರುತ್ತಿದ್ದದ್ದೂ ಅದನ್ನೇ. ಆ ಗಡ್ಡೆಗೆ ಗುದ್ದಲಿ ನಡೆಯದು, ಕೋಲು ನಡೆಯದು. ಸಿಪ್ಪೆಗೆ ಗಾಯವಾದರೆ ಕೊಳೆತುಹೋಗುತ್ತದೆ. ಬರಿಗೈ ಇಳಿಸಿ, ಬೆರಳಲ್ಲಿ ತಡಕಿ, ನಿಧಾನಕ್ಕೆ ಬಿಡಿಸಬೇಕು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಆ ಊರಿಗೆ ಅದು ಗಾದೆಯಲ್ಲ, ದಿನದ ಊಟ.

ಮೊಟ್ಟಮೊದಲು ಬಂದವರಿಗೆ ಆ ನೀರಲ್ಲಿ ಕೈ ಇಟ್ಟರೆ ಮೂಳೆಯ ತನಕ ಕಡಿಯುತ್ತಿತ್ತಂತೆ. ತಡೆಯಲಾರದವರು ಗುಡ್ಡ ಹತ್ತಿ ಹೋದರು. ತಡೆದವರು ಉಳಿದರು. ಉಳಿದವರು ಉಳಿದವರನ್ನೇ ಮದುವೆಯಾದರು. ಅವರಿಗೆ ಹುಟ್ಟಿದವರಲ್ಲಿ ಯಾರ ಕೈ ಕಡಿಮೆ ನೋಯುತ್ತಿತ್ತೋ ಅವರು ಹೆಚ್ಚು ಗಡ್ಡೆ ಕಿತ್ತರು. ಹೆಚ್ಚು ಗಡ್ಡೆ ಕಿತ್ತವರ ಮನೆಯಲ್ಲಿ ಹೆಚ್ಚು ಮಕ್ಕಳು ಬದುಕಿದವು. ಹೀಗೆ ತಲೆಮಾರು ಉರುಳಿದಂತೆ ಊರಿನ ಮೈಯಿಂದ ನೋವು ಸೋರಿಹೋಯಿತು. ಕೈಯಿಂದ ಮೊದಲು, ಕಾಲಿನಿಂದ ಆಮೇಲೆ, ಕೊನೆಗೆ ಎಲ್ಲೆಲ್ಲಿ ಇತ್ತೋ ಅಲ್ಲಿಂದೆಲ್ಲ. ಮುಟ್ಟಿದರೆ ಮುಟ್ಟಿದ್ದು ತಿಳಿಯುತ್ತಿತ್ತು. ಸುಟ್ಟರೆ ಸುಟ್ಟದ್ದು, ಕೊರೆದರೆ ಕೊರೆದದ್ದು ತಿಳಿಯುತ್ತಿರಲಿಲ್ಲ. ಎಲ್ಲ ಕೆರೆತಾಯಿ ಮಾಡಿದ್ದು ಅನ್ನುತ್ತಿದ್ದರು. ಕೆರೆ ಮಾಡಿದ್ದು ಅರ್ಧ. ಮಿಕ್ಕರ್ಧ ಇವರೇ ಕೂತು ಮಾಡಿಕೊಂಡದ್ದು.

ಹೇಗೆಂದರೆ, ಕೂಸಿನ ಕುತ್ತಿಗೆ ನಿಂತ ಮೇಲೆ ಅದನ್ನು ಕೆರೆಯ ಮೆಟ್ಟಿಲಿಗೆ ತರಬೇಕು. ಅಲ್ಲಿ ಒಂದು ಚಪ್ಪಟೆ ಕಲ್ಲು, ಅದರ ಮೇಲೆ ಒಬ್ಬ ಮುದುಕಿ. ಕೂಸುಗಳ ಕೈ ಅದ್ದುವವಳಾದ್ದರಿಂದ ಅವಳನ್ನು ಅದ್ದವ್ವ ಅನ್ನುತ್ತಿದ್ದರು. ಅದ್ದವ್ವ ಕೂಸನ್ನು ತೊಡೆಯ ಮೇಲೆ ಮಲಗಿಸಿ, ಅದರ ಕೈ ಹಿಡಿದು, ಮಣಿಕಟ್ಟಿನ ತನಕ ನೀರಿಗೆ ಇಳಿಸುತ್ತಿದ್ದಳು. ಹೆಂಗಸರು ಸುತ್ತ ನಿಂತು ಹಾಡುತ್ತಿದ್ದರು:

ತಣ್ಣೀರ ತಾಯೇ ಕೈ ಹಿಡಿಯೇ,
ಕೈ ಹಿಡಿದವಳೇ ಬಿಡಬೇಡೇ.

ಹಾಡು ಮುಗಿಯುವ ತನಕ ಕೂಸು ಅಳದಿದ್ದರೆ ಅದ್ದವ್ವ "ಒಗ್ಗಿತು" ಅನ್ನುತ್ತಿದ್ದಳು. ಕೂಸು ಊರಿನದಾಯಿತು. ಅತ್ತರೆ "ಒಗ್ಗಲಿಲ್ಲ" ಅನ್ನುತ್ತಿದ್ದಳು. ಆ ಕೂಸನ್ನು ಗಡಿಕಲ್ಲಿನ ಹತ್ತಿರ ಗುಡ್ಡದವರ ಕೈಗೆ ಕೊಡಬೇಕು. ಆ ಮಾತು ಆ ಕಲ್ಲಿನ ಮೇಲೆ ಕೂತು ಅದ್ದವ್ವನೇ ಆಡಬೇಕು. ಆಡುವ ತನಕ ಯಾರೂ ಕೂಸನ್ನು ಒಯ್ಯುವ ಹಾಗಿಲ್ಲ, ಆಡಿದ ಮೇಲೆ ಯಾರೂ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ. ಕೂಸು ಕೊಟ್ಟ ತಾಯಿಯ ತಲೆಗೆ ಹೆಂಗಸರೆಲ್ಲ ಎಣ್ಣೆ ಒತ್ತುತ್ತಿದ್ದರು. ಮಾರನೇ ದಿನ ಅವಳು ಎಲ್ಲರ ಜೊತೆ ಕೆರೆಗೆ ಇಳಿಯುತ್ತಿದ್ದಳು. ಎದೆಯಲ್ಲಿ ಹಾಲು ಕಟ್ಟಿ ಕಲ್ಲಾದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ನೋಡಿದವರು ಯಾರಾದರೂ ಹೇಳಬೇಕಿತ್ತು.

ಹಾಗೆ ಕೊಟ್ಟ ಕೂಸುಗಳು ಹಿಂದೆಲ್ಲ ಬಹಳ. ಈಚೆಗೆ ಅಳುವ ಕೂಸೇ ಇರಲಿಲ್ಲ. ಅಳುವವರನ್ನೆಲ್ಲ ಆಚೆ ಕಳಿಸಿಯಾದ ಮೇಲೆ ಅಳುವವರು ಹುಟ್ಟುವುದಾದರೂ ಎಲ್ಲಿಂದ ಸ್ವಾಮಿ?

ಇನ್ನೊಂದು ಪದ್ಧತಿಯನ್ನೂ ಹೇಳಿಬಿಡುತ್ತೇನೆ. ನೋವು ಬಂದು ಹೇಳದ ಮೈಗೆ ಬೇರೆ ಯಾರಾದರೂ ಹೇಳಬೇಕಲ್ಲ? ದಿನಾ ದೀಪ ಹಚ್ಚುವ ಹೊತ್ತಿಗೆ ಮನೆಮನೆಯ ಹೊಸ್ತಿಲಲ್ಲಿ ಎದುರುಬದುರು ಕೂತು ಒಬ್ಬರ ಕೈ ಒಬ್ಬರು ತಿರುವಿ ನೋಡುತ್ತಿದ್ದರು. ಮುಳ್ಳು ಇದ್ದರೆ ಕೀಳುವರು, ಗಾಯವಿದ್ದರೆ ಬೆಣ್ಣೆ ಸವರುವರು. ಅದ್ದವ್ವನ ಮಗ ಒಮ್ಮೆ ಕಿರುಬೆರಳಿನ ತುದಿಯನ್ನು ದೋಣಿಯ ಸಂದಿಯಲ್ಲಿ ಬಿಟ್ಟುಬಂದಿದ್ದ, ಹೊಸ್ತಿಲಲ್ಲಿ ಕೂತು ಹೆಂಡತಿ ನೋಡಿ "ಅಯ್ಯೋ, ಇದೆಲ್ಲಿ ಹೋಯ್ತು?" ಅಂದಾಗಲೇ ಅವನಿಗೆ ತಿಳಿದದ್ದು. ಇಬ್ಬರೂ ನಕ್ಕರು. ಆ ಊರಿನಲ್ಲಿ ಪ್ರೀತಿ ಅಂತ ಇದ್ದದ್ದು ಅಷ್ಟೇ, ಕೈ ನೋಡುವುದು. ಅದು ಕಡಿಮೆಯೇನಲ್ಲ ಬಿಡಿ.

ಆ ವರ್ಷ ಕೆರೆಯ ಮೇಲಿನ ಮಂಜು ದಟ್ಟವಾಯಿತು. ನೆಲದೊಳಗೆ ಏನು ಮಗ್ಗುಲು ಬದಲಿಸಿತೋ, ಯಾರಿಗೆ ಗೊತ್ತು. ಮೀನುಗಳು ತಾವಾಗಿ ಹೊಟ್ಟೆ ಮೇಲೆ ಮಾಡಿ ತೇಲಿಬಂದವು. ಊರ ಯಜಮಾನ, "ತಾಯಿ ಕೊಟ್ಟಳು, ಬಾಚಿಕೊಳ್ರಪ್ಪ" ಅಂದ. ಬಾಚಿಕೊಂಡರು. ಹೊಸ್ತಿಲಲ್ಲಿ ಕೈ ನೋಡುವಾಗ ಎಲ್ಲರ ಕೈಯೂ ಕೆಂಪಗೆ ಕಂಡಿತು. ಕೆಲವರದು ಬೊಬ್ಬೆ ಎದ್ದಿತ್ತು, ಕೆಲವರದು ಸುಲಿದು ಬರುತ್ತಿತ್ತು. ದೋಣಿಗೆ ಕಟ್ಟಿದ ಹೊಸ ಹಗ್ಗದ ದೋಷ ಅಂದರು. ಹಗ್ಗ ಬದಲಿಸಿದರು. ಗಡ್ಡೆಯ ಸೊನೆ ಅಂದರು. ಬೆಣ್ಣೆ ಸವರಿದರು. ಊರಿನ ಬೆಣ್ಣೆಯೆಲ್ಲ ಕೈಗೇ ಹೋಗಿ ರಾಗಿಮುದ್ದೆಗೆ ಇಲ್ಲವಾಯಿತು. ನೀರು ಬದಲಾಗಿದೆ ಅಂತ ಒಬ್ಬರ ಬಾಯಲ್ಲೂ ಬರಲಿಲ್ಲ. ಬಿಸಿ ಅಂದರೆ ಒಲೆಯ ಮೇಲೆ ಕುದಿಯುವಂಥದು, ಕೆರೆ ಅಂದರೆ ತಣ್ಣಗಿರುವಂಥದು. ಅವರಿಗೆ ಹೇಳಿಕೊಟ್ಟದ್ದು ಹಾಗೆ.

ಆ ವರ್ಷವೇ ಅದ್ದವ್ವನ ಸೊಸೆ ಹೆಣ್ಣು ಹೆತ್ತಳು. ಅದ್ದವ್ವನಿಗೆ ಇದ್ದದ್ದು ಒಬ್ಬ ಮಗ, ಅವನಿಗೆ ಹುಟ್ಟಿದ್ದು ಇದೊಂದು. ಕೂಸಿನ ಕುತ್ತಿಗೆ ನಿಂತಿತು. ಮುದುಕಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಲ್ಲಿನ ಮೇಲೆ ಕೂತಳು. ಊರು ಸುತ್ತ ನಿಂತಿತು. ಅವಳು ಕೂಸಿನ ಕೈ ನೀರಿಗೆ ಇಳಿಸಿದಳು.

ಹಾಡು ಶುರುವಾಗುವ ಮೊದಲೇ ಕೂಸು ಕಿರುಚಿತು.

ಅಂಥ ಸದ್ದನ್ನು ಅಲ್ಲಿ ಎಷ್ಟೋ ಜನ ಕೇಳಿಯೇ ಇರಲಿಲ್ಲ. ಹಸಿವಿಗೆ ಕುಂಯ್‌ಗುಡುವ ಕೂಸು ಗೊತ್ತಿತ್ತು, ಇದು ಬೇರೆ. ಹೆಂಗಸರು ಬಾಯಿಗೆ ಬಂದ ಹಾಡನ್ನು ನಿಲ್ಲಿಸಲು ತಿಳಿಯದೆ ಕೊನೆಯ ತನಕ ಹಾಡಿದರು. ಅದ್ದವ್ವ ಕೂಸಿನ ಕೈಯನ್ನು ಯಾವಾಗಲೋ ಮೇಲೆ ತೆಗೆದಿದ್ದಳು. ಯಾವ ಮುತ್ತಜ್ಜಿಯ ಚರ್ಮ ಇಷ್ಟು ತಲೆಮಾರು ಬಚ್ಚಿಟ್ಟುಕೊಂಡಿದ್ದು ಇದಕ್ಕೆ ಬಂತೋ.

"ಹೇಳು ಅದ್ದವ್ವ," ಅಂದ ಯಜಮಾನ.

ಮಾತು ನಾಲಿಗೆಯ ತುದಿಯಲ್ಲಿತ್ತು. ಬೇರೆಯವರ ಕೂಸುಗಳಿಗೆ ಎಷ್ಟು ಸಲ ಆಡಿಲ್ಲ ಅವಳು! ಕೂಸು ಅವಳ ಸೆರಗನ್ನು ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದಿತ್ತು. ಮುದುಕಿ ಮಾತನ್ನು ನುಂಗಿಕೊಂಡಳು.

"ನಾಳೆ ಹೇಳ್ತೀನಿ."

"ನಾಳೇನಾ?"

"ನಾಳೆ ಅಂದೆನಲ್ಲ. ಕಲ್ಲು ಎಲ್ಲಿಗೂ ಹೋಗಲ್ಲ, ನಾನೂ ಎಲ್ಲಿಗೂ ಹೋಗಲ್ಲ."

ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಯಾರೋ ಹಿಂದಿನಿಂದ ಗೊಣಗಿದರು. ಗೊಣಗಲಿ. ಅವಳು ಕೂಸನ್ನು ಎದೆಗೊತ್ತಿಕೊಂಡು ಮನೆಗೆ ನಡೆದಳು. ಅದು ದಾರಿಯುದ್ದಕ್ಕೂ ಅತ್ತಿತು.

ದೀಪ ಹಚ್ಚಿದ ಮೇಲೆ ಹೊಸ್ತಿಲಲ್ಲಿ ಕೂತು ಮೊಮ್ಮಗಳ ಕೈ ನೋಡಿದಳು. ಕೆಂಪು, ಮಣಿಕಟ್ಟಿನ ತನಕ; ಅಲ್ಲಿಗೆ ಗೆರೆ ಎಳೆದು ನಿಲ್ಲಿಸಿದಂತಿತ್ತು. ತನ್ನ ಕೈ ನೋಡಿಕೊಂಡಳು. ಅಲ್ಲೂ ಕೆಂಪು, ಮಣಿಕಟ್ಟಿನ ತನಕ. ಮಗನನ್ನು ಕರೆದಳು. ಅವನು ಮೊಣಕೈ ತನಕ ಇಳಿಸಿ ಗಡ್ಡೆ ಕೀಳುವವನು. ಅವನ ಕೆಂಪು ಕೈಯಲ್ಲಿ ಮೊಣಕೈಗೆ, ಕಾಲಲ್ಲಿ ಮೊಣಕಾಲಿಗೆ ನಿಂತಿತ್ತು. ಸೊಸೆಯದೂ ಮೊಣಕೈ ತನಕ. ಎಲ್ಲರದೂ ನೀರು ಮುಟ್ಟಿದಲ್ಲಿಯ ತನಕ.

"ಕೂಸು ಹಗ್ಗ ಹಿಡಿದಿತ್ತೇನೋ?" ಅಂತ ಮಗನನ್ನು ಕೇಳಿದಳು.

"ಇಲ್ಲ."

"ಗಡ್ಡೆ ಮುಟ್ಟಿತ್ತೇ?"

"ಎಲ್ಲಿ ಮುಟ್ಟುತ್ತವ್ವಾ, ಕೂಸು ಅದು."

ಮುದುಕಿ ಒಲೆಯ ಕಡೆ ನೋಡಿದಳು. ಒಲೆಯ ದಿಂಡಿನ ಮೇಲೆ ಸೊಸೆ ಕೈಗೆ ಸವರಲೆಂದು ಇಟ್ಟಿದ್ದ ಬೆಣ್ಣೆ ಕರಗಿ ಎಣ್ಣೆಯಾಗಿತ್ತು. ಅವಳಿಗೆ ಒಂದು ಯೋಚನೆ ಬಂತು. ಕೂಸಿನ ತಪ್ಪಲ್ಲ, ನೀರಿನ ತಪ್ಪು ಅಂತ ಊರಿಗೆ ತೋರಿಸಿಬಿಟ್ಟರೆ ಕೂಸು ಉಳಿಯಿತು. ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಬೆಳಿಗ್ಗೆ ಊರೆಲ್ಲ ಸೇರಿದಾಗ ಅದ್ದವ್ವ ಒಂದು ಎಲೆದೊನ್ನೆಯಲ್ಲಿ ಗಟ್ಟಿ ಬೆಣ್ಣೆ ಇಟ್ಟು ಮೆಟ್ಟಿಲ ಪಕ್ಕದ ನೀರಿನ ಮೇಲೆ ಬಿಟ್ಟಳು. ಎಲ್ಲರೂ ಬಗ್ಗಿ ನೋಡಿದರು. ಬೆಣ್ಣೆಯ ಅಂಚು ಸಡಿಲವಾಯಿತು. ಉಂಡೆ ಕುಸಿಯಿತು. ಹಳದಿಯಾಗಿ ದೊನ್ನೆಯ ತುಂಬ ಹರಡಿಕೊಂಡಿತು.

ಯಜಮಾನ ಗಂಭೀರವಾಗಿ ತಲೆಯಾಡಿಸಿದ.

"ಬೆಣ್ಣೆ ಒಗ್ಗಲಿಲ್ಲ," ಅಂದ.

"ಹೌದೌದು, ಒಗ್ಗಲಿಲ್ಲ," ಅಂದರು ಜನ.

"ಅಯ್ಯೋ ನಿಮ್ಮ ಬುದ್ಧಿಗಿಷ್ಟು!" ಮುದುಕಿಗೆ ರೇಗಿಹೋಯಿತು. "ಒಲೆ ಮುಂದೆ ಇಟ್ಟ ಬೆಣ್ಣೆ ಯಾಕ್ರಪ್ಪಾ ಕರಗುತ್ತೆ? ಕೈ ಎತ್ತಿ. ಎಲ್ಲರೂ ಎತ್ತಿ. ಕೆಂಪು ಎಲ್ಲಿಗೆ ನಿಂತಿದೆ ನೋಡಿಕೊಳ್ಳಿ. ನೀರು ಎಲ್ಲಿಗೆ ಮುಟ್ಟಿತ್ತೋ ಅಲ್ಲಿಗೆ. ಇದು ಹಗ್ಗ ಅಲ್ಲ, ಸೊನೆ ಅಲ್ಲ. ನಾವು ದಿನಾ ಬೇಯ್ತಾ ಇದೀವಿ. ನಮಗೆ ತಿಳೀಲಿಲ್ಲ, ಕೂಸಿಗೆ ತಿಳೀತು."

ಊರು ಕೈ ಎತ್ತಿ ನಿಂತಿತು. ಕೆಂಪು ಕೈಗಳು, ಸುಲಿದ ಕೈಗಳು, ಬೊಬ್ಬೆಯೆದ್ದ ಕೈಗಳು. ಯಜಮಾನ ತನ್ನದನ್ನೂ ನೋಡಿಕೊಂಡ. ಅವನು ದಡ್ಡನಲ್ಲ, ಕೆಟ್ಟವನೂ ಅಲ್ಲ. ಅದೇ ಕಷ್ಟ.

"ಅದ್ದವ್ವ ಹೇಳೋದು ನಿಜ," ಅಂದ. "ನೀರು ಒಂದೊಂದು ದಿನ ಕೆಟ್ಟಿರುತ್ತೆ, ನಮಗೆ ಗೊತ್ತಾಗಲ್ಲ. ಕೂಸನ್ನ ಕಳಿಸೋದು ಬೇಡ. ಊರಲ್ಲೇ ಇರಲಿ."

ಅದ್ದವ್ವ ಕಲ್ಲಿನ ಮೇಲೆ ಕೂತಳು. ಗೆದ್ದೆ ಅಂದುಕೊಂಡಳು. ಖುಷಿಯಾಯಿತು, ಅದೂ ಎಷ್ಟೋ ವರ್ಷದ ಮೇಲೆ.

"ನಮಗೆ ಕಣ್ಣಿತ್ತು, ಕಿವಿ ಇತ್ತು," ಯಜಮಾನ ಮುಂದುವರಿಸಿದ, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ. "ಈಗ ತಾಯಿ ಚರ್ಮಾನೂ ಕೊಟ್ಟಳು. ನಾಳೆಯಿಂದ ಬೆಳಿಗ್ಗೆ ಬೆಳಿಗ್ಗೆ ಮೊದಲು ಕೂಸಿನ ಕೈ ಅದ್ದಿ ನೋಡೋಣ. ಅಳು ಕೇಳಿದರೆ ಅವತ್ತು ಯಾರೂ ಇಳಿಯೋದು ಬೇಡ. ಅಳು ಕೇಳದಿದ್ದರೆ ಇಳಿಯೋಣ. ಇದೇ ಇನ್ನು ಮೇಲೆ ಊರಿನ ಕಟ್ಟು."

ಜನಕ್ಕೆ ಇದು ಬಹಳ ಹಿಡಿಸಿತು. ಒಬ್ಬಳು ಕೂಸಿಗೆ ಮೆತ್ತನೆ ದಿಂಬು ಹೊಲಿದುಕೊಡುತ್ತೇನೆ ಅಂದಳು. ಇನ್ನೊಬ್ಬ ಕಲ್ಲಿನ ಪಕ್ಕದಲ್ಲಿ ಅದಕ್ಕೆಂದೇ ಒಂದು ಪುಟ್ಟ ಪೀಠ ಕಡೆದುಕೊಡುತ್ತೇನೆ ಅಂದ. ಪುಣ್ಯವಂತೆ, ಊರು ಕಾಯೋಕೆ ಹುಟ್ಟಿದವಳು ಅಂತ ಕೆನ್ನೆ ಸವರಿದರು. ಒಬ್ಬರ ಮನಸ್ಸಿನಲ್ಲೂ ಕೆಡುಕಿರಲಿಲ್ಲ.

"ಅತ್ತೆ," ಸೊಸೆ ಮೆಲ್ಲಗೆ ಕೇಳಿದಳು, "ಅಂದರೆ ದಿನಾ ಅಳಿಸ್ತಾರಾ?"

ಅದ್ದವ್ವ ಎದ್ದು ನಿಂತಳು. "ಯಜಮಾನಪ್ಪ, ಬೆಣ್ಣೆ ಹಾಕಿ ನೋಡಿದರೆ ಸಾಲದೇ? ಬೆಣ್ಣೆಗೂ ಗೊತ್ತಾಗುತ್ತಲ್ಲ."

"ಬೆಣ್ಣೆ ಖರ್ಚಾಗುತ್ತೆ ಅದ್ದವ್ವ," ಅಂದ ಯಜಮಾನ. "ಕೂಸಿನ ಕೈ ಖರ್ಚಾಗುತ್ತಾ?"

ಅವನು ವ್ಯಂಗ್ಯವಾಡಲಿಲ್ಲ. ನಿಜವಾಗಿಯೂ ಕೇಳಿದ್ದ.

ಮುದುಕಿ ಮನೆಗೆ ಬಂದು ಕೂಸಿನ ಮುಂದೆ ಕೂತಳು. ಕೈ ಸ್ವಲ್ಪ ಇಳಿದಿತ್ತು. ಮುಟ್ಟಿದರೆ ಮುಖ ಕಿವುಚುತ್ತಿತ್ತು, ಬಿಟ್ಟರೆ ನಗುತ್ತಿತ್ತು. ನಾಳೆ ಅದ್ದಬೇಕು, ಅದ್ದುವವಳು ತಾನೇ. ನಾಡಿದ್ದೂ ಅದ್ದಬೇಕು. ಕೂಸು ದೊಡ್ಡದಾಗಿ ನಡೆದು ಬರುವಂತಾದಾಗಲೂ ತಾನೇ ಕೈ ಹಿಡಿದು ಅದ್ದಬೇಕು. ಹಾಗೆ ಅದ್ದುತ್ತ ಅದ್ದುತ್ತ ಒಂದು ದಿನ ಅದು ಅಳುವುದನ್ನು ನಿಲ್ಲಿಸುತ್ತದೆ, ಆವತ್ತು ಊರು ಖುಷಿಯಾಗಿ ಕುದಿಯುವ ನೀರಿಗೆ ಇಳಿಯುತ್ತದೆ. ಮುದುಕಿಗೆ ಹೆದರಿಕೆಯಾಯಿತು. ನೀರಿನ ಮೇಲೆ ತಪ್ಪು ಹೊರಿಸಿ ಕೂಸನ್ನು ಉಳಿಸಿಕೊಂಡೆ ಅಂದುಕೊಂಡಿದ್ದಳು. ಈಗ ನೋಡಿದರೆ ತಾನೇ ಅದರ ಕೈಯನ್ನು ಊರಿಗೆ ಬರೆದುಕೊಟ್ಟಂತಾಗಿತ್ತು.

ಮಧ್ಯಾಹ್ನ ಜನ ಇನ್ನೂ ದಂಡೆಯ ಮೇಲೆ ಗಡ್ಡೆ ಒಣಹಾಕುತ್ತಿರುವಾಗಲೇ ಅವಳು ಕೂಸನ್ನೆತ್ತಿಕೊಂಡು ಬಂದು ಕಲ್ಲಿನ ಮೇಲೆ ಕೂತಳು. ಸೊಸೆ ಹಿಂದೆ ನಿಂತಳು. ನೀರು ಮುಟ್ಟಲಿಲ್ಲ, ಹಾಡಿಗೂ ಕಾಯಲಿಲ್ಲ. ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಅಂದಳು:

"ಒಗ್ಗಲಿಲ್ಲ."

ಜನ ಕೆಲಸ ಬಿಟ್ಟು ನೋಡಿದರು. ಯಜಮಾನ ಓಡಿಬಂದ. "ಏನು ಮಾಡಿದೆ ಅದ್ದವ್ವ? ನಿನ್ನೆ ನುಂಗಿದ ಮಾತನ್ನ ಇವತ್ತು ಯಾಕೆ ಉಗುಳಿದೆ?"

"ನಿನ್ನೆ ಗೊತ್ತಿರಲಿಲ್ಲ. ಇವತ್ತು ಗೊತ್ತಾಯ್ತು. ಈ ಊರು ಇದಕ್ಕೆ ಒಗ್ಗಲ್ಲ ಕಣಪ್ಪ."

ಕಲ್ಲಿನ ಮೇಲಿನ ಮಾತು ಆಡಿದ ಮೇಲೆ ಮುಗಿಯಿತು. ಯಾರೂ ಅಡ್ಡ ಬರಲಿಲ್ಲ. ಮುದುಕಿ ಮುಂದೆ, ಸೊಸೆ ಹಿಂದೆ, ಊರು ದಾರಿಯ ಎರಡೂ ಬದಿಗೆ ಸರಿದು ನಿಂತಿತು. ಮಗ ಮಾತ್ರ ಗಡಿಕಲ್ಲಿನ ತನಕ ಬಂದ.

ಅಲ್ಲಿ ಬೆಣ್ಣೆ ಮಾರಲು ಬಂದ ಗುಡ್ಡದವಳೊಬ್ಬಳು ಕುಕ್ಕೆ ಇಳಿಸಿ ಕೂತಿದ್ದಳು. ಕೂಸನ್ನು ಕೈಗೆ ತೆಗೆದುಕೊಂಡು ಅದರ ಅಂಗೈ ಬಿಡಿಸಿ ನೋಡಿದಳು. "ಅಯ್ಯೋ ಕಂದಾ, ಯಾರು ಮಗಾ ಹಿಂಗೆ ಸುಟ್ಟೋರು" ಅಂತ ಊದಿದಳು. ಊದುತ್ತ ಊದುತ್ತ ಅವಳ ಕಣ್ಣಿಂದ ನೀರು ಇಳಿಯಿತು.

ಅದ್ದವ್ವ ಅದನ್ನೇ ನೋಡುತ್ತ ನಿಂತಳು. "ಸುಟ್ಟಿರೋದು ಇವಳ ಕೈ. ನಿನ್ನ ಕಣ್ಣಲ್ಲಿ ಯಾಕವ್ವ ನೀರು?"

"ನಮ್ಮ ಕಡೆ ಹಂಗೇ ಕಣಜ್ಜಿ," ಅಂದಳು ಗುಡ್ಡದವಳು, ಸೆರಗಿನಿಂದ ಒರೆಸಿಕೊಂಡು.

ಮುದುಕಿ ಸೊಸೆಯ ಬೆನ್ನ ಮೇಲೆ ಕೈ ಇಟ್ಟಳು. "ನೀನೂ ಹೋಗವ್ವ."

ಕೂಸಿನ ಜೊತೆ ತಾಯಿ ಹೋದದ್ದು ಅಲ್ಲಿಯ ತನಕ ಇರಲಿಲ್ಲ. ಸೊಸೆ ಗಂಡನನ್ನು ನೋಡಿದಳು, ಅತ್ತೆಯನ್ನು ನೋಡಿದಳು. "ಅಲ್ಲಿ ನನ್ನ ಕೈ ಯಾರು ನೋಡ್ತಾರೆ ಅತ್ತೆ?"

"ಈಗ ಈಯಮ್ಮ ನೋಡ್ತಾಳೆ. ಆಮೇಲೆ ನಿನ್ನ ಮಗಳು ನೋಡ್ತಾಳೆ. ಹೋಗು."

"ನೀನೂ ಹೋಗೋ," ಅಂದಳು ಮಗನಿಗೆ.

"ಗಡ್ಡೆ ಯಾರು ಕೀಳ್ತಾರವ್ವಾ," ಅಂದ ಮಗ. ಅಷ್ಟೇ ಅಂದದ್ದು. ಹೆಂಡತಿಯ ಕೈಯನ್ನು ಹಿಡಿದು ಒಮ್ಮೆ ತಿರುವಿ ನೋಡಿದ, ಈಚೆ ಮಗ್ಗುಲು, ಆಚೆ ಮಗ್ಗುಲು, ಮತ್ತೆ ಬಿಟ್ಟ. ಅವರು ಗುಡ್ಡ ಹತ್ತಿದರು. ತಾಯಿ ಮಗ ಇಳಿದು ಬಂದರು. ಮುದುಕಿಯ ಎದೆಯೊಳಗೆ ಏನೋ ಹೊರಳುತ್ತಿತ್ತು; ಅದನ್ನು ಏನೆನ್ನುತ್ತಾರೋ ಅವಳಿಗೆ ಗೊತ್ತಿರಲಿಲ್ಲ.

ಮಾರನೇ ಬೆಳಿಗ್ಗೆ ಊರು ಕೆರೆಯ ದಂಡೆಗೆ ಬಂದು ನಿಂತಿತು. ಮಂಜು ಬುಗ್ಗೆಬುಗ್ಗೆಯಾಗಿ ಏಳುತ್ತಿತ್ತು. ಯಜಮಾನ ನೀರಿನ ಕಡೆ ಕಿವಿಗೊಟ್ಟು ನಿಂತ. ಕಟ್ಟು ಮಾಡಿದವನು ಅವನೇ, ಪಾಲಿಸಬೇಕಲ್ಲ.

"ಅಳು ಏನಾದರೂ ಕೇಳ್ತಿದೆಯೇನ್ರಪ್ಪಾ?" ಅಂತ ಕೇಳಿದ.

ಎಲ್ಲರೂ ಆಲಿಸಿದರು.

"ಇಲ್ಲ."

"ಹಾಗಾದರೆ ನೀರು ಒಳ್ಳೇದಿದೆ. ಇಳೀರಿ."

"ಬ್ಯಾಡ್ರಪ್ಪೋ!" ಅದ್ದವ್ವ ಮೆಟ್ಟಿಲಿಗೆ ಅಡ್ಡ ನಿಂತಳು. "ಅಳೋ ಕೂಸು ಇಲ್ಲಿಲ್ಲ, ಅದಕ್ಕೇ ಕೇಳ್ತಿಲ್ಲ. ನೀರು ಸುಡ್ತಾ ಇದೆ ಕಣ್ರೋ!" ಮಗನ ರಟ್ಟೆ ಹಿಡಿದು ಎಳೆದಳು. "ನೀನಾದರೂ ಕೇಳೋ, ನಿನ್ನ ಕೈ ನೋಡಿಕೊಳ್ಳೋ."

"ನೋಯ್ತಿಲ್ಲ ಬಿಡವ್ವ," ಅಂದ ಮಗ. ಪ್ರೀತಿಯಿಂದಲೇ ಅವಳ ಬೆರಳು ಬಿಡಿಸಿಕೊಂಡ.

ಆಗ ಮುದುಕಿ ಬಾಯಿ ತೆರೆದಳು. ಮೊದಲು ಗಾಳಿ ಬಂತು, ಆಮೇಲೆ ಒಂದು ಒಡಕು ದನಿ, ಆಮೇಲೆ ಎದೆಯಲ್ಲಿ ಹೊರಳುತ್ತಿದ್ದದ್ದೆಲ್ಲ ಒಟ್ಟಿಗೆ ಕಿತ್ತುಕೊಂಡು ಬಂತು. ಅವಳು ಅತ್ತಳು. ಕಣ್ಣಿಂದ, ಮೂಗಿಂದ ನೀರು ಸುರಿಯಿತು. ಮೊಮ್ಮಗಳಿಗೆ ಅತ್ತಳು, ಮಗನಿಗೆ ಅತ್ತಳು, ತಾನು ಗಡಿಕಲ್ಲಿಗೆ ಕಳಿಸಿದ ಕೂಸುಗಳಿಗೆಲ್ಲ ಅತ್ತಳು. ಇಳಿಯುತ್ತಿದ್ದವರು ಒಂದು ಕಾಲು ನೀರಲ್ಲಿಟ್ಟುಕೊಂಡೇ ನಿಂತರು. ಏನು ಮಾಡುವುದೆಂದು ಯಜಮಾನನ ಮುಖ ನೋಡಿದರು.

ಯಜಮಾನ ಹತ್ತಿರ ಬಂದು ಅವಳ ಭುಜ ಮುಟ್ಟಿದ.

"ನೀನು ಒಗ್ಗಿದವಳು ಅದ್ದವ್ವ," ಅಂದ. "ನಿನಗೆ ನೋವಾಗೋದಿಲ್ಲ. ನಿನ್ನದು ಅಳು ಅಲ್ಲ."

ಜನ ಒಪ್ಪಿದರು. ಒಬ್ಬೊಬ್ಬರಾಗಿ ಇಳಿದರು. ಮಗ ಮೊಣಕೈ ತನಕ ಕೈ ಇಳಿಸಿ ಗಡ್ಡೆ ತಡಕತೊಡಗಿದ. ಮುದುಕಿ ಮೆಟ್ಟಿಲ ಮೇಲೆ ನಿಂತು ಅಳುತ್ತಲೇ ಇದ್ದಳು. ಮೊದಮೊದಲು ಅವರು ತಿರುಗಿ ತಿರುಗಿ ನೋಡುತ್ತಿದ್ದರು. ಸಂಜೆಯ ಹೊತ್ತಿಗೆ ಆ ಸದ್ದು ಊರಿಗೆ ಒಗ್ಗಿಹೋಗಿತ್ತು.